14 ಔನ್ಸಿನ ಪೌಂಡು

1812ರ ಜೂನ್ 18ರಂದು ಅಮೆರಿಕವು ಬ್ರಿಟನ್ನಿನ ಮೇಲೆ ಯುದ್ಧ ಸಾರಿದ್ದಕ್ಕೆ ಕಾರಣ ಹುಡುಕುವವರು ಸಾಮಾನ್ಯವಾಗಿ ನೆಪೋಲಿಯನ್ ಕಾಲದ ವ್ಯಾಪಾರ ನಿರ್ಬಂಧಗಳಿಂದ ಮಾತು ಆರಂಭಿಸುತ್ತಾರೆ. ನನಗಾದರೋ ಆ ಯುದ್ಧದ ಬೇರು ಬ್ರಿಟಿಷ್ ನೌಕೆಗಳಲ್ಲಿ ನಾವಿಕರ ಪಡಿ ಅಳೆಯುತ್ತಿದ್ದ ತಕ್ಕಡಿಯಲ್ಲೇ ಕಾಣುತ್ತದೆ. 16 ಔನ್ಸು ಇರಬೇಕಾದ ಪೌಂಡು ಅಲ್ಲಿ 14ಕ್ಕೇ ಮುಗಿಯುತ್ತಿತ್ತು. ಸಂಬಳ ನೂರು ವರ್ಷಕ್ಕೂ ಮೀರಿ ಏರಿರಲಿಲ್ಲ. ಹಡಗು ಬಂದರಿನಲ್ಲಿ ನಿಂತಿದ್ದರೂ, ಓಡಿಹೋದಾರೆಂಬ ಭಯದಿಂದ, ನಾವಿಕರನ್ನು ದಡಕ್ಕೆ ಇಳಿಯಗೊಡುತ್ತಿರಲಿಲ್ಲ. 1797ರಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲಂಗರುದಾಣ ಸ್ಪಿಟ್‌ಹೆಡ್‌ನಲ್ಲಿ ಲಂಗರು ಎತ್ತಲು ನಿರಾಕರಿಸಿದವರ ಅಹವಾಲು ಇದೇ ಆಗಿತ್ತು. ಸಂಬಳವೇನೋ ಏರಿತು. ಆದರೆ ಚಾಟಿಯೇಟು ನಿಲ್ಲಲಿಲ್ಲ, ಜನರನ್ನು ಬಲವಂತವಾಗಿ ಹಿಡಿದು ನೌಕಾಪಡೆಗೆ ತುಂಬುವ ಪದ್ಧತಿಯೂ ನಿಲ್ಲಲಿಲ್ಲ.

ಅವರು ಓಡಿಹೋಗದೆ ಇನ್ನೇನು ಮಾಡಬೇಕಿತ್ತು? ಅಮೆರಿಕದ ವ್ಯಾಪಾರಿ ಹಡಗುಗಳಲ್ಲಿ ಭಾಷೆ ಅದೇ, ಕೆಲಸ ಅದೇ, ಸಂಬಳ ಮಾತ್ರ ಎಷ್ಟೋ ಹೆಚ್ಚು. ಫ್ರಾನ್ಸಿನೊಡನೆ ಸೆಣಸುತ್ತ ಲಕ್ಷಕ್ಕೂ ಮಿಕ್ಕಿ ನಾವಿಕರನ್ನು ಬಯಸುತ್ತಿದ್ದ ಬ್ರಿಟನ್, ಹೀಗೆ ತಪ್ಪಿಸಿಕೊಂಡವರನ್ನು ಮರಳಿ ಹಿಡಿಯಲು ನಡುಗಡಲಿನಲ್ಲಿ ಅಮೆರಿಕದ ಹಡಗುಗಳನ್ನು ತಡೆದು ಶೋಧಿಸತೊಡಗಿತು. ಬ್ರಿಟಿಷ್ ಪ್ರಜೆಯಾಗಿ ಹುಟ್ಟಿದವನು ಸಾಯುವ ತನಕ ಬ್ರಿಟಿಷ್ ಪ್ರಜೆಯೇ ಎಂಬುದು ಅದರ ಕಾನೂನು. ವಲಸೆ ಬಂದವನೂ ತನ್ನ ಪೌರನಾಗಬಹುದು ಎಂಬುದು ಅಮೆರಿಕದ ಕಾನೂನು. ಅಮೆರಿಕದಲ್ಲೇ ಹುಟ್ಟಿದ ಸಾವಿರಾರು ಮಂದಿಯೂ ಈ ಬಲೆಗೆ ಸಿಕ್ಕಿದರು. ಕೈಯಲ್ಲಿದ್ದ ಪೌರತ್ವದ ಪ್ರಮಾಣಪತ್ರವನ್ನು ತಪಾಸಣೆಗೆ ಬಂದ ಅಧಿಕಾರಿ ಎಷ್ಟೋ ಸಲ ನಂಬುತ್ತಲೇ ಇರಲಿಲ್ಲ.

1807ರ ಜೂನ್ 22ರಂದು ವರ್ಜೀನಿಯಾ ಕರಾವಳಿಯಾಚೆ ಬ್ರಿಟನ್ನಿನ ‘ಲೆಪರ್ಡ್’ ಯುದ್ಧನೌಕೆ ಮೇರೆ ಮೀರಿತು. ಅದು ತಡೆದದ್ದು ವ್ಯಾಪಾರಿ ಹಡಗನ್ನಲ್ಲ, ‘ಚೆಸಾಪೀಕ್’ ಎಂಬ ಅಮೆರಿಕದ ಯುದ್ಧನೌಕೆಯನ್ನೇ. ಶೋಧನೆಗೆ ಒಪ್ಪದ ಆ ನೌಕೆಯ ಮೇಲೆ ಫಿರಂಗಿ ಹಾರಿಸಿ, ಮೂವರನ್ನು ಕೊಂದು, ನಾಲ್ವರನ್ನು ಎಳೆದೊಯ್ದರು. ಆ ನಾಲ್ವರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದವನು ಜೆಂಕಿನ್ ರ‍್ಯಾಟ್‌ಫರ್ಡ್ ಒಬ್ಬನೇ; ಅವನನ್ನು ಹ್ಯಾಲಿಫ್ಯಾಕ್ಸ್‌ನಲ್ಲಿ ಗಲ್ಲಿಗೇರಿಸಲಾಯಿತು. ಅಮೆರಿಕದ ಜನ ಕೆರಳಿದರೂ ಅಧ್ಯಕ್ಷ ಜೆಫರ್ಸನ್ ಯುದ್ಧಕ್ಕಿಳಿಯದೆ ವಿದೇಶ ವ್ಯಾಪಾರವನ್ನೇ ನಿಲ್ಲಿಸಿ ನೋಡಿದರು. ಪೆಟ್ಟು ಬಿದ್ದದ್ದು ಹೆಚ್ಚಾಗಿ ತಮ್ಮದೇ ಬಂದರುಗಳಿಗೆ. ಕೊನೆಗೆ 1812ರ ಜೂನ್ 1ರಂದು, ಜೆಫರ್ಸನ್ ನಂತರ ಅಧ್ಯಕ್ಷರಾದ ಮ್ಯಾಡಿಸನ್ ಕಾಂಗ್ರೆಸ್ಸಿಗೆ ಕಳಿಸಿದ ಸಂದೇಶದ ದೂರುಗಳಲ್ಲಿ ಮೊದಲನೆಯದೇ ನಾವಿಕರ ಅಪಹರಣವಾಗಿತ್ತು.

ಆ ಯುದ್ಧಕ್ಕೆ ತೆರೆ ಎಳೆದ 1814ರ ಡಿಸೆಂಬರ್ 24ರ ಘೆಂಟ್ ಒಪ್ಪಂದದಲ್ಲಿ ಈ ಅಪಹರಣದ ಬಗ್ಗೆ ಒಂದು ಮಾತೂ ಇಲ್ಲವೆಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ. ‘ಚೆಸಾಪೀಕ್’ನಿಂದ ಒಯ್ದ ಮೂವರು ಅಮೆರಿಕನ್ನರಲ್ಲಿ ಒಬ್ಬ ಸೆರೆಯಲ್ಲೇ ತೀರಿಕೊಂಡ, ಉಳಿದಿಬ್ಬರನ್ನು ಬಾಸ್ಟನ್‌ನಲ್ಲಿ ಅದೇ ನೌಕೆಗೆ ಮರಳಿಸುವ ಹೊತ್ತಿಗೆ ಯುದ್ಧ ಆಗಲೇ ಆರಂಭವಾಗಿತ್ತು.