ಕೊಡಗಿನ ಮದುವೆಗೆ ಹೊರಟವರಿಗೆ: ಮುಹೂರ್ತದ ಆಚೀಚೆ ಎಲ್ಲೆಲ್ಲಿ ಸುತ್ತಬಹುದು

ಡಿಸೆಂಬರ್ ಕೊನೆಯಲ್ಲಿ ಗೆಳತಿಯ ಮದುವೆ ಇತ್ತು, ವಿರಾಜಪೇಟೆಯಲ್ಲಿ. ಮೈಸೂರಿನಿಂದ ನಾನು, ನನ್ನವರು, ಎಂಟು ವರ್ಷದ ಮಗ, ಅರವತ್ತೆಂಟರ ಅಮ್ಮ ಹೊರಟೆವು. ಕೊಡಗಿಗೆ ಹೋದ ಮೇಲೆ ಸುಮ್ನೆ ಅಕ್ಷತೆ ಹಾಕಿ ವಾಪಸ್ ಬರೋಕಾಗುತ್ತಾ ಅಂತ ಮೂರು ದಿನ ರಜೆ ಹಾಕಿದ್ದೆವು. ಆ ಮೂರು ದಿನದಲ್ಲಿ ಸರಿಯಾಗಿ ಮಾಡಿದ್ದೂ ಇದೆ, ತಪ್ಪು ಮಾಡಿದ್ದೂ ಇದೆ. ಮುಂದೆ ಹೋಗುವವರಿಗೆ ಉಪಯೋಗವಾಗಲಿ ಅಂತ ಎರಡನ್ನೂ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಮದುವೆಯ ದಿನ ಎಲ್ಲಿಗೂ ಹೋಗಬೇಡಿ. ಹಿಂದಿನ ದಿನ ಒಂದು ಕಡೆ, ಮಾರನೆಯ ದಿನ ಒಂದು ಕಡೆ, ಅಷ್ಟು ಸಾಕು.

ನಾವು ಇದನ್ನು ಕಲಿತಿದ್ದು ತಡವಾಗಿ. ಮುಹೂರ್ತ ಹನ್ನೊಂದಕ್ಕೆ ಅಲ್ವಾ, ಅಷ್ಟರಲ್ಲಿ ಚೇಲಾವರ ಜಲಪಾತ ನೋಡಿ ಬರೋಣ ಅಂತ ಬೆಳಗ್ಗೆ ಏಳಕ್ಕೇ ಹೊರಟೆವು. ದೂರ ಜಾಸ್ತಿ ಇಲ್ಲ. ಆದರೆ ದಾರಿ ಪೂರ್ತಿ ತಿರುವು, ಎದುರಿಗೆ ಗಾಡಿ ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು. ವಾಪಸ್ ಬರುವಾಗ ಮರ ತುಂಬಿದ ಲಾರಿಯೊಂದು ತಿರುವಿನಲ್ಲಿ ಕೆಟ್ಟು ನಿಂತಿತ್ತು. ನಾವಿದ್ದ ಹೋಂಸ್ಟೇ ಮಂಟಪಕ್ಕೆ ಹತ್ತೇ ನಿಮಿಷ ಅಂತ ಬುಕ್ ಮಾಡುವಾಗ ಹೇಳಿದ್ದರು, ನಿಜವಾಗಿ ಮುಕ್ಕಾಲು ಗಂಟೆಯ ದಾರಿ. ಬಟ್ಟೆ ಬದಲಿಸಿ ಮಂಟಪ ಸೇರುವಷ್ಟರಲ್ಲಿ ಬಾಳೆ ಕಡಿಯುವ ಶಾಸ್ತ್ರ ಮುಗಿದೇ ಹೋಗಿತ್ತು. ಗಂಡಿನ ದಿಬ್ಬಣ ಬಂದಾಗ ನಿಲ್ಲಿಸಿದ ಬಾಳೆದಿಂಡುಗಳನ್ನು ಕತ್ತಿಯಿಂದ ಒಂದೇ ಏಟಿಗೆ ಕಡಿಯುತ್ತಾರೆ. ಅದನ್ನು ನೋಡಬೇಕೆಂದೇ ಮಗ ವಾರದಿಂದ ಕಾಯುತ್ತಿದ್ದ. ಅವನ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು. ಹೋಂಸ್ಟೇ ಬುಕ್ ಮಾಡುವ ಮೊದಲು ಅದು ಯಾವ ಊರಿನಲ್ಲಿದೆ ಅಂತ ಕೇಳಿ, ಮದುವೆ ಮನೆಯವರ ಹತ್ತಿರವೇ ದೂರ ವಿಚಾರಿಸಿ.

ಕೊಡವ ಮದುವೆಯಲ್ಲಿ ಪುರೋಹಿತರು ಇರುವುದಿಲ್ಲ. ಮನೆಯ ಹಿರಿಯರಿಂದ ಶುರುವಾಗಿ ಬಂದವರೆಲ್ಲ ಸಾಲಾಗಿ ಹೋಗಿ, ಕೂತಿರುವ ವಧುವರರಿಗೆ ಅಕ್ಕಿ ಹಾಕಿ, ಕಿಂಡಿಯಿಂದ (ಮೂತಿಯಿರುವ ಚಿಕ್ಕ ಪಾತ್ರೆ) ಒಂದು ಗುಟುಕು ಹಾಲು ಕುಡಿಸಿ ಹರಸುತ್ತಾರೆ. ಸಾಲು ಉದ್ದ ಇರುತ್ತದೆ, ಅವಸರ ಮಾಡಬೇಡಿ. ಊಟಕ್ಕೆ ಪಂದಿ ಕರಿ (ಹಂದಿ ಮಾಂಸದ ಸಾರು), ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ನೂಪುಟ್ಟು (ಒತ್ತು ಶಾವಿಗೆ). ಅಮ್ಮ ಸಸ್ಯಾಹಾರಿ, ನಾವು ಹೋದ ಕಡೆ ಅವರಿಗೆ ಬೇರೆ ಸಾಲಿತ್ತು.

ಊಟ ಆಯ್ತಲ್ಲ, ಇನ್ನು ಹೊರಡೋಣ ಅಂದುಕೊಳ್ಳಬೇಡಿ. ನೋಡಲೇಬೇಕಾದದ್ದು ಗಂಗಾಪೂಜೆ, ಅದು ಸಂಜೆಗೆ. ಮದುಮಗಳು ನೀರು ಸೇದಿ, ಕೊಡ ತಲೆ ಮೇಲಿಟ್ಟುಕೊಂಡು ಒಳಗೆ ನಡೆದು ಬರಬೇಕು. ಗಂಡಿನ ಕಡೆಯವರು ಅವಳ ಮುಂದೆ ವಾಲಗಕ್ಕೆ ಕುಣಿಯುತ್ತಾ ದಾರಿ ಬಿಡುವುದೇ ಇಲ್ಲ. ಅವಳು ಒಂದು ಹೆಜ್ಜೆ ಇಡುವಷ್ಟರಲ್ಲಿ ಹಾಡು ಬದಲಾಗಿರುತ್ತದೆ. ನನ್ನ ಗೆಳತಿ ಒಂದೂವರೆ ಗಂಟೆ ಹಾಗೇ ನಿಂತಿದ್ದಳು. ಕೆಂಪು ಸೀರೆ, ಹಿಂದಕ್ಕೆ ನೆರಿಗೆ, ಒಂದು ಕೈ ಕೊಡದ ಮೇಲೆ. ಹಣೆಯ ಬೆವರು ಕಣ್ಣಿಗೆ ಇಳಿದಾಗ ಪಕ್ಕದಲ್ಲಿದ್ದ ಅತ್ತಿಗೆ ತನ್ನ ಸೆರಗಿನಿಂದ ಒತ್ತಿ ಒರೆಸಿದರು. ಕೊಡ ಅಲುಗಲಿಲ್ಲ. ಅಮ್ಮ ಅಲ್ಲೇ ಕುರ್ಚಿ ಎಳೆದುಕೊಂಡು ಕೊನೆಯವರೆಗೂ ನೋಡಿದರು. ಯಾವ ಜಲಪಾತಕ್ಕೋಸ್ಕರವೂ ಇದನ್ನು ಬಿಡಬೇಡಿ.

ಇನ್ನು ಸುತ್ತಾಟ. ಮದುವೆಯ ಹಿಂದಿನ ದಿನ ಕಕ್ಕಬೆ ಕಡೆ ಹೋಗಿದ್ದೆವು, ಅದು ಎಲ್ಲರಿಗೂ ಹಿಡಿಸಿತು. ಒಂದೇ ದಾರಿಯಲ್ಲಿ ಹತ್ತುವವರಿಗೂ ಕೂರುವವರಿಗೂ ಜಾಗ ಇದೆ. ಹತ್ತುವವರಿಗೆ ತಡಿಯಂಡಮೋಳ್, 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ನನ್ನವರು ಮತ್ತು ಮದುವೆಗೆ ಬಂದಿದ್ದ ಮೂವರು ಹುಡುಗರು ಬೆಳಗ್ಗೆ ಆರೂವರೆಗೆ ಹತ್ತಲು ಶುರು ಮಾಡಿ, ಮಧ್ಯಾಹ್ನ ಒಂದರ ಹೊತ್ತಿಗೆ ಕೆಳಗಿಳಿದರು. ಮೊದಲರ್ಧ ಸಲೀಸು, ಶೋಲಾ ಕಾಡು (ಬೆಟ್ಟದ ಕಣಿವೆಯ ದಟ್ಟ ಕಾಡು) ದಾಟಿದ ಮೇಲಿನ ಕೊನೆಯ ಏರು ಕಾಲು ಸೋಲಿಸುತ್ತದೆ. ಅರಣ್ಯ ಇಲಾಖೆಯ ಅನುಮತಿ ಬೇಕು, ಆನ್‌ಲೈನಿನಲ್ಲಿ ಮುಂಚೆಯೇ ಟಿಕೆಟ್ ಮಾಡಿಕೊಳ್ಳಿ. ತಲಾ ಎರಡು ಲೀಟರ್ ನೀರು, ತಿನ್ನಲು ಏನಾದರೂ ಇರಲಿ, ಮೇಲೆ ಏನೂ ಸಿಗುವುದಿಲ್ಲ. ಮಾರನೆಯ ದಿನ ಕುಣಿಯಬೇಕು ಅನ್ನುವವರು ಶೋಲಾ ಕಾಡಿನವರೆಗೆ ಹೋಗಿ ತಿರುಗಿದರೂ ಸಾಕು.

ನಾವು ಉಳಿದವರು ಬೆಟ್ಟದ ಬುಡದ ನಾಲ್ಕುನಾಡು ಅರಮನೆಯಲ್ಲಿ ಇದ್ದೆವು. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ್ದು. ಅರಮನೆ ಅಂದರೆ ಮೈಸೂರಿನದನ್ನು ನೆನೆಸಿಕೊಳ್ಳಬೇಡಿ. ಹೆಂಚಿನ ಮಾಡು, ಮರದ ಕೆತ್ತನೆ, ದೊಡ್ಡ ಮನೆಯ ಹಾಗಿದೆ. ಅಂಗಳದಲ್ಲಿ ಒಂದು ಚಿಕ್ಕ ಮಂಟಪ ಇದೆ. 1796ರಲ್ಲಿ ರಾಜನಿಗೂ ಮಹಾದೇವಮ್ಮಾಜಿಗೂ ಇಲ್ಲೇ ಮದುವೆಯಾಯಿತು. ಮದುವೆಗೆ ಅಂತ ಬಂದವರು ಇದನ್ನು ನೋಡದೆ ಹೋಗಬಾರದು. ಅಮ್ಮ ಮಂಟಪದ ಕಂಬ ಸವರಿ, "ನಾಲ್ಕು ಜನ ನಿಂತರೆ ತುಂಬಿಹೋಗುತ್ತೆ, ರಾಜನ ಮದುವೆಗೆ ಇಷ್ಟೇ ಸಾಕಾಯ್ತಾ" ಅಂದರು. ಅಲ್ಲಿಂದ ಪಾಡಿ ಇಗ್ಗುತಪ್ಪ ದೇವಸ್ಥಾನ ಹತ್ತಿರವೇ. ಕೊಡವರು ತುಂಬಾ ನಂಬುವ ದೇವರು, ಸುಗ್ಗಿಯ ಪುತ್ತರಿ ಹಬ್ಬದ ದಿನ ಗೊತ್ತು ಮಾಡುವುದೂ ಇಲ್ಲಿಯೇ. ಪೆಟ್ರೋಲ್ ವಿರಾಜಪೇಟೆಯಲ್ಲೇ ಹಾಕಿಸಿಕೊಳ್ಳಿ, ಕೈಯಲ್ಲಿ ನಗದು ಇರಲಿ. ಕಕ್ಕಬೆ ಕಡೆ ಫೋನ್ ಸಿಗ್ನಲ್ ಬಂದು ಹೋಗುತ್ತದೆ.

ಚೇಲಾವರಕ್ಕೆ ಹೋಗುವುದಾದರೆ ದೂರದಿಂದ ನೋಡಿ. ಕೆಳಗಿನ ಗುಂಡಿ ಆಳ, ಅಲ್ಲಿ ಈಜಲು ಹೋಗಿ ಜೀವ ಕಳೆದುಕೊಂಡವರಿದ್ದಾರೆ. ಮದುವೆ ಗುಂಪಿನ ಹುಡುಗರು ಹುರುಪಿನಲ್ಲಿ ಇಳಿದುಬಿಡುತ್ತಾರೆ, ದೊಡ್ಡವರು ಒಬ್ಬರು ಜೊತೆಗಿರಲೇಬೇಕು. ಮಳೆಗಾಲವಾದರೆ ಕಲ್ಲು ಜಾರುತ್ತದೆ, ಇಂಬಳದ ಕಾಟವೂ ಜಾಸ್ತಿ.

ಮಡಿಕೇರಿ ಹತ್ತಿರದ ಮಾಂದಲ್‌ಪಟ್ಟಿಗೆ ಬನ್ನಿ ಅಂತ ಕೆಲವು ನೆಂಟರು ಕರೆದರು. ನಾವು ಹೋಗಲಿಲ್ಲ. ಜೀಪಿನ ದಾರಿ ತುಂಬಾ ಕುಲುಕುತ್ತದೆ, ವಯಸ್ಸಾದವರ ಸೊಂಟಕ್ಕೆ ಆಗದು. ಹೋಗಿ ಬಂದ ಹುಡುಗರು ಮಾತ್ರ ಬೆಳಗಿನ ಮಂಜನ್ನು ಹೊಗಳಿದ್ದೇ ಹೊಗಳಿದ್ದು. ತಲಕಾವೇರಿಗೆ ಹೋಗಬೇಕೆಂಬ ಆಸೆ ಅಮ್ಮನಿಗಿತ್ತು. ಅದಕ್ಕೆ ಒಂದು ಪೂರ್ತಿ ದಿನ ಇಡಬೇಕು, ಇನ್ನೊಂದು ಸಲ ಕರೆದುಕೊಂಡು ಹೋಗುತ್ತೇನೆ ಅಂದಿದ್ದೇನೆ.

ಮೂರನೆಯ ದಿನ ಸಿದ್ದಾಪುರದ ಮೇಲೆ ದುಬಾರೆಯ ಆನೆ ಶಿಬಿರಕ್ಕೆ ಹೋದೆವು. ಆನೆ ಸ್ನಾನ ನೋಡಬೇಕಾದರೆ ಬೆಳಗ್ಗೆಯೇ ತಲುಪಬೇಕು. ಕಾವೇರಿ ದಾಟಲು ದೋಣಿ, ರಜಾ ದಿನಗಳಲ್ಲಿ ಕ್ಯೂ ಉದ್ದ. ಬಾಳೆ ಕಡಿಯುವುದು ತಪ್ಪಿತಲ್ಲ ಅಂತ ಮುನಿಸಿಕೊಂಡಿದ್ದ ಮಗ, ಆನೆ ಸೊಂಡಿಲಿನಿಂದ ನೀರು ಎರಚಿದಾಗ ಮೊದಲ ಸಲ ನಕ್ಕ. ದಾರಿಯುದ್ದಕ್ಕೂ ತೋಟಗಳಲ್ಲಿ ಕಾಫಿ ಕೊಯ್ಲು, ಅಂಗಳಗಳಲ್ಲಿ ಹಣ್ಣು ಒಣಹಾಕಿದ್ದರು.

ಮೈಸೂರಿನಿಂದ ಬರುವಾಗ ಗೋಣಿಕೊಪ್ಪ, ತಿತಿಮತಿ ಮೇಲೆ ಬಂದಿದ್ದೆವು. ತಿತಿಮತಿಯಿಂದ ಆನೆಚೌಕೂರಿನವರೆಗೆ ಕಾಡು, ಆನೆಗಳು ರಸ್ತೆಗೆ ಬರುತ್ತವೆ, ಹಗಲಲ್ಲೇ ದಾಟಿಬಿಡಿ. ವಾಪಸ್ ಹೋಗುವಾಗ ಕುಶಾಲನಗರದ ದಾರಿ ಹಿಡಿದೆವು. ಬೈಲಕುಪ್ಪೆಯ ಟಿಬೆಟನ್ನರ ಚಿನ್ನದ ದೇವಸ್ಥಾನ ಅದೇ ದಾರಿಯಲ್ಲಿ ಸಿಗುತ್ತದೆ, ಅರ್ಧ ಗಂಟೆ ಕೂತು ಬಂದೆವು. ಹೊರಡುವ ಮುಂಚೆ ವಿರಾಜಪೇಟೆಯಲ್ಲಿ ಒಂದು ಬಾಟಲಿ ಕಾಚಂಪುಳಿ, ಅಂದರೆ ಪಂದಿ ಕರಿಗೆ ಹಾಕುವ ಹುಳಿ, ತೆಗೆದುಕೊಂಡಿದ್ದೆ. ಕಪ್ಪಗೆ, ಪಾಕದ ಹಾಗೆ ಗಟ್ಟಿ ಇರುತ್ತದೆ. ಮುಚ್ಚಳ ಬಿಗಿಯಾಗಿದೆಯಾ ಅಂತ ನೋಡಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನಿಲ್ಲಿಸಿಡಿ. ರೇಷ್ಮೆ ಸೀರೆಯ ಬ್ಯಾಗಿನಲ್ಲಂತೂ ಇಡಲೇಬೇಡಿ.