ಕಕ್ಕಡ ಹದಿನೆಂಟು ಮತ್ತು ನಾಲ್ವಡಿಯವರು

ಆಗಸ್ಟ್ 3, 2025, ಭಾನುವಾರ
ನಾಪೋಕ್ಲು

ರಾತ್ರಿ ಲೈನಿನ ಮೇಲೆ ಕೊಂಬೆ ಬಿದ್ದು ಕರೆಂಟ್ ಹೋಗಿದೆ. ಇಂದು ಕಕ್ಕಡ ಹದಿನೆಂಟು, ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ; ನಮ್ಮಲ್ಲಿ ಮದ್ದುಸೊಪ್ಪು ಎಂಬ ಔಷಧೀಯ ಸೊಪ್ಪಿನ ಪಾಯಸ ಮಾಡುವ ದಿನ. ಸೌದೆ ಒಲೆಯ ಮೇಲೆ ಮದ್ದುಸೊಪ್ಪು ಕುದಿಯಲು ಇಟ್ಟೆ. ನೋಡನೋಡುತ್ತಲೇ ನೀರು ಕಡು ನೇರಳೆಗೆ ತಿರುಗಿ, ಅಡುಗೆಮನೆ ತುಂಬ ಅದರ ಘಮ ಹರಡಿತು. ಆ ರಸದಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಹಾಕಿದರೆ ಪಾಯಸ.

ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದೂ ಇದೇ ದಿನ, 1940ರಲ್ಲಿ. ನನ್ನ ಮಗಳು ಓದುತ್ತಿರುವ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಯುವಿಸಿಇ 1917ರಲ್ಲಿ ಆರಂಭವಾದದ್ದು ಅವರ ಆಳ್ವಿಕೆಯಲ್ಲಿ. ಒಲೆಯ ಮುಂದೆ ಕುಳಿತು ಅವಳು ಕೇಳಿದಳು: "ಅಮ್ಮ, ಕೊಡಗು ಅವರ ರಾಜ್ಯಕ್ಕೆ ಸೇರಿರಲಿಲ್ಲವಲ್ಲ, ನಿಮಗೇಕೆ ಅವರ ಮೇಲೆ ಇಷ್ಟು ಅಭಿಮಾನ?"

ನಿಜ, ಆಗ ಕೊಡಗು ಬ್ರಿಟಿಷರ ಕೈಯಲ್ಲಿತ್ತು. ಆದರೆ ನಮ್ಮ ಗದ್ದೆಯ ತೋಡು ಸೇರುವುದು ಕಾವೇರಿಯನ್ನು. ಮಳೆಗಾಲದಲ್ಲಿ ದಡ ಮೀರುವ ಈ ಹೊಳೆ ಬೇಸಿಗೆಯಲ್ಲಿ ಸೊರಗುತ್ತದೆ. ಹೊಳೆ ಸೊರಗಿದರೆ ಶಿವನಸಮುದ್ರದ ವಿದ್ಯುತ್ತಿಗೂ ಕೊರತೆ. ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಿ ಮಳೆನೀರು ಹಿಡಿದಿಟ್ಟರೆ ವರ್ಷವಿಡೀ ವಿದ್ಯುತ್ತೂ ಬೇಸಾಯವೂ ನಡೆಯುತ್ತವೆ ಎಂಬುದು ಮುಖ್ಯ ಎಂಜಿನಿಯರ್ ವಿಶ್ವೇಶ್ವರಯ್ಯನವರ ಲೆಕ್ಕ. ಅಷ್ಟು ವಿದ್ಯುತ್ತನ್ನು ಬಳಸುವವರು ಯಾರು ಎಂದು ಹಣಕಾಸಿನವರು ತಕರಾರು ತೆಗೆದರು. ಯೋಜನೆ ಅಲ್ಲೇ ಮಲಗಿಬಿಡಬಹುದಿತ್ತು. ಮಹಾರಾಜರು ಅದನ್ನು ಮತ್ತೆ ತರಿಸಿ ನೋಡಿ, 1911ರಲ್ಲಿ 81 ಲಕ್ಷ ರೂಪಾಯಿಗೆ ಒಪ್ಪಿಗೆ ಕೊಟ್ಟರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಆ ವಯಸ್ಸಿನಲ್ಲಿ ಖಜಾನೆಯವರ ಮಾತು ಮೀರಿ ಎಂಜಿನಿಯರೊಬ್ಬರ ನಕ್ಷೆಯನ್ನು ನಂಬಲು ಎಂಥ ಎದೆಗಾರಿಕೆ ಬೇಕು! ನನಗೆ ಅವರ ಮೇಲೆ ಗೌರವ ಮೂಡಿದ್ದೇ ಇಲ್ಲಿಂದ.

ಮದರಾಸಿನ ಜತೆಗಿನ ನೀರಿನ ತಕರಾರು 1924ರ ಒಪ್ಪಂದದವರೆಗೂ ಎಳೆಯಿತು. ಅರಸರು ಕೈಬಿಡಲಿಲ್ಲ.

ಕಟ್ಟೆಗೆ ಬಳಸಿದ ಗಾರೆ ಸುಣ್ಣ ಮತ್ತು ಸುರ್ಕಿಯದು ಎಂದಾಗ ಮಗಳ ಕಣ್ಣರಳಿತು.

"ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ಪುಡಿಯೇ?"

"ಹೌದು. ಸಿಮೆಂಟ್ ಸಿಗುವುದೇ ದುರ್ಲಭವಾಗಿದ್ದ ಕಾಲ."

"ಅದು 124.80 ಅಡಿ ನೀರನ್ನು ತಡೆದು ನಿಂತಿದೆಯಲ್ಲ!" ಎಂದು ತನ್ನಷ್ಟಕ್ಕೇ ಹೇಳಿಕೊಂಡಳು.

ಈ ವರ್ಷ ಜೂನ್ ಮುಗಿಯುವ ಮೊದಲೇ ಕಟ್ಟೆ ತುಂಬಿತು. ಜೂನ್ ತಿಂಗಳಲ್ಲೇ ತುಂಬಿದ್ದು ಇದೇ ಮೊದಲಂತೆ. ಸುದ್ದಿ ಓದಿದ ದಿನ ನಮ್ಮ ಅಂಗಳದ ನೀರೂ ಅಲ್ಲಿದೆ ಎಂದು ಮನಸ್ಸು ಉಬ್ಬಿತ್ತು.

ಪಾಯಸ ಇಳಿಸಿ, ತುಪ್ಪ ಹಾಕಿ, ಮೊದಲ ಬಟ್ಟಲನ್ನು ಅವಳಿಗೇ ಕೊಟ್ಟೆ. ತಿಂದವಳೇ ಕೊಡೆ ಹಿಡಿದು ತೋಡಿನ ಕಡೆ ಹೋದಳು, ನೀರು ಎಷ್ಟಿದೆ ನೋಡಿ ಬರಲು. ನಾಲಿಗೆ ಇನ್ನೂ ನೇರಳೆಯಾಗಿತ್ತು.