ಸ್ಟಾಪ್‌ವಾಚ್ ಕಾಣದ ಎಂಟು ನಿಮಿಷ

ನಮ್ಮ ಕಾರ್ಖಾನೆಗೆ ವೆಲ್ಡಿಂಗ್ ರೋಬೋಟ್ ಬೇಕೆಂದು ಲೆಕ್ಕ ಹಾಕಿ ಕೊಟ್ಟವನು ನಾನೇ. ಸ್ಟಾಪ್‌ವಾಚ್ ಹಿಡಿದು ಎರಡು ದಿನ ಬೆಸುಗೆ ವಿಭಾಗದಲ್ಲಿ ನಿಂತಿದ್ದೆ. ಒಂದು ಉಕ್ಕಿನ ಚೌಕಟ್ಟನ್ನು ಮುಗಿಸಲು ನಮ್ಮ ಹಿರಿಯ ವೆಲ್ಡರ್ ಹನ್ನೊಂದು ನಿಮಿಷ ತೆಗೆದುಕೊಳ್ಳುತ್ತಿದ್ದರು. ಅದರಲ್ಲಿ ಆರ್ಕ್, ಅಂದರೆ ಲೋಹ ಕರಗಿಸುವ ವಿದ್ಯುತ್ ಕಿಡಿ, ಉರಿಯುತ್ತಿದ್ದದ್ದು ಸುಮಾರು ಮೂರು ನಿಮಿಷ ಮಾತ್ರ. ಉಳಿದ ಎಂಟು ನಿಮಿಷ ಅವರು ಬಿಡಿಭಾಗವನ್ನು ತಿರುಗಿಸಿ ನೋಡುತ್ತಿದ್ದರು, ಮೂಲೆಗೆ ಸುತ್ತಿಗೆಯಿಂದ ಎರಡು ಏಟು ಹಾಕುತ್ತಿದ್ದರು, ಹೆಲ್ಮೆಟ್ ಎತ್ತಿ ಸಂದಿನೊಳಗೆ ಇಣುಕುತ್ತಿದ್ದರು, ಯಂತ್ರದ ಗುಂಡಿಯನ್ನು ಒಂದಿಷ್ಟು ತಿರುಗಿಸಿ ಮತ್ತೆ ಬಾಗುತ್ತಿದ್ದರು. ನನ್ನ ವರದಿಯಲ್ಲಿ ಇದಕ್ಕೆಲ್ಲ ಒಂದೇ ಹೆಸರು ಕೊಟ್ಟಿದ್ದೆ: ಅನುತ್ಪಾದಕ ಸಮಯ.

ರೋಬೋಟ್ ಬಂತು. ಪರೀಕ್ಷೆಗೆಂದು ಆರಿಸಿಟ್ಟ ಚೌಕಟ್ಟುಗಳ ಮೇಲೆ ಅದರ ಕೆಲಸ ಕಣ್ಣಿಗೆ ಕಟ್ಟುವಂತಿತ್ತು. ಬೆಸುಗೆಯ ಗೆರೆ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಸಮವಾಗಿ ಕೂತಿತ್ತು. ಮೂರನೆಯ ವಾರ ಹೊಸ ಲಾಟಿನ ತಗಡು ಬಂತು. ಅಂದು ಬೆಳಗಿನ ಶಿಫ್ಟಿನಲ್ಲಿ ಏಳು ಚೌಕಟ್ಟುಗಳು ಸಾಲಾಗಿ ಹೊರಬಂದ ಮೇಲೆ ಯಾರೋ ಕರೆದರು. ಹೋಗಿ ನೋಡಿದರೆ ಏಳರಲ್ಲೂ ಒಂದೇ ಜಾಗದಲ್ಲಿ, ಎಡಗಡೆಯ ಕೆಳಮೂಲೆಯಲ್ಲಿ, ತಗಡು ಕರಗಿ ತೂತು ಬಿದ್ದಿತ್ತು. ಅಂಚು ಕಪ್ಪಾಗಿ ಒಳಮುಖವಾಗಿ ಮಡಚಿಕೊಂಡಿತ್ತು, ಹಿಂಬದಿಯಲ್ಲಿ ಕರಗಿದ ಲೋಹ ಹನಿಯಾಗಿ ಗಟ್ಟಿಯಾಗಿ ನೇತಾಡುತ್ತಿತ್ತು. ರೋಬೋಟಿನಲ್ಲಿ ಯಾವ ದೋಷವೂ ಇರಲಿಲ್ಲ. ಹೇಳಿಕೊಟ್ಟ ದಾರಿಯಲ್ಲಿ ಅದು ಕೂದಲೆಳೆಯಷ್ಟೂ ತಪ್ಪದೆ ಹೋಗಿತ್ತು.

ಹಿರಿಯ ವೆಲ್ಡರ್ ಇನ್ನೂ ಬೆಸೆಯದ ಒಂದು ಚೌಕಟ್ಟನ್ನು ಎತ್ತಿಕೊಂಡು ಮೂಲೆಯ ಮೇಲೆ ಹೆಬ್ಬೆರಳಿನ ಉಗುರು ಆಡಿಸಿದರು. "ಈ ತಗಡಿನ ಬಾಗು ಬಿಚ್ಚಿಕೊಂಡಿದೆ ಸರ್. ನೀವೇ ಅಳೆದು ನೋಡಿ" ಎಂದರು. ಸಂದಿಗೆ ತೂರಿಸಿ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ತಂದು ಅಳೆದೆ. ಹಿಂದಿನ ಲಾಟಿನಲ್ಲಿ 0.3 ಮಿಲಿಮೀಟರ್ ಇದ್ದ ಸಂದು ಇಲ್ಲಿ 1.8 ಆಗಿತ್ತು. ತಗಡನ್ನು ಪ್ರೆಸ್ಸಿನಲ್ಲಿ ಬಗ್ಗಿಸಿ ಬಿಟ್ಟಾಗ ಅದು ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಎಷ್ಟು ಚಿಮ್ಮುತ್ತದೆ ಎನ್ನುವುದು ಉಕ್ಕಿನ ಗಡಸುತನ, ದಪ್ಪ, ಉರುಳೆಗಳ ನಡುವೆ ಒತ್ತಿ ತಗಡು ಮಾಡಿದ ದಿಕ್ಕು, ಇವೆಲ್ಲವನ್ನೂ ಅವಲಂಬಿಸಿದೆ. ಪ್ರತಿ ಲಾಟಿನ ಪ್ರಮಾಣಪತ್ರವೂ ಮಿತಿಯೊಳಗೇ ಇರುತ್ತದೆ, ಆದರೂ ಒಂದು ಲಾಟು ಇನ್ನೊಂದರಂತೆ ಬಗ್ಗುವುದಿಲ್ಲ. ಹೀಗೆ ಚಿಮ್ಮಿ ಉಳಿದ ಅಂತರವನ್ನು ವರ್ಷಗಳಿಂದ ಯಾರಿಗೂ ದೂರು ಹೇಳದೆ ತುಂಬಿಕೊಡುತ್ತಿದ್ದವರು ಬೆಸುಗೆ ವಿಭಾಗದವರು. ಸಂದು ಅಗಲವಾಗಿ ಕಂಡರೆ ಅವರು ಕೈಯಲ್ಲಿ ಹಿಡಿದ ಬೆಸುಗೆಯ ಟಾರ್ಚನ್ನು ತುಸು ಹಿಂದಕ್ಕೆ ಎಳೆಯುತ್ತಾರೆ. ಅದರ ತುದಿಯಿಂದ ಕರಗುತ್ತಾ ಬರುವ ತಂತಿ ಹೆಚ್ಚು ಉದ್ದ ಹೊರಗಿದ್ದಷ್ಟೂ ಕರೆಂಟ್ ಇಳಿಯುತ್ತದೆ, ಕಾವು ತಗ್ಗುತ್ತದೆ. ಆಮೇಲೆ ಕೈಯನ್ನು ಅತ್ತಿತ್ತ ತೂಗಿ ಎರಡು ಅಂಚುಗಳ ನಡುವೆ ಲೋಹದ ಸೇತುವೆ ಕಟ್ಟುತ್ತಾರೆ. ಎಣ್ಣೆಯಲ್ಲಿ ಏನೋ ಕರಿಯುವಂಥ ಸಮನಾದ ಸದ್ದು ಒಡೆಯಿತೆಂದರೆ, ಕಣ್ಣು ಕಾಣುವ ಮುಂಚೆಯೇ ಅವರ ಮಣಿಕಟ್ಟು ತಿರುಗಿರುತ್ತದೆ. ನಾನು ಅನುತ್ಪಾದಕ ಎಂದು ಬರೆದ ಎಂಟು ನಿಮಿಷದಲ್ಲಿ ನಡೆಯುತ್ತಿದ್ದದ್ದು ಇದರ ಸಿದ್ಧತೆ.

ರೋಬೋಟ್ ಕೊಳ್ಳುವವರು ಇಲ್ಲೇ ಎಡವುತ್ತಾರೆ ಎಂದು ನನಗೆ ಈಗ ಅನಿಸುತ್ತದೆ. ಮಾಹಿತಿ ಹಾಳೆಯಲ್ಲಿ ಮಿಲಿಮೀಟರಿನ ನೂರನೆಯ ಭಾಗಗಳ ಲೆಕ್ಕದಲ್ಲಿ ಬರೆದಿರುವ ನಿಖರತೆಯ ಅರ್ಥ, ತೋಳು ಅದೇ ಬಿಂದುವಿಗೆ ಮತ್ತೆ ಮತ್ತೆ ಮರಳುತ್ತದೆ ಎಂದಷ್ಟೇ. ಆ ಬಿಂದುವಿನಲ್ಲಿ ಬಿಡಿಭಾಗ ಇದೆಯೇ ಎನ್ನುವುದು ಅದಕ್ಕೆ ಗೊತ್ತಿಲ್ಲ. ನಾವು ಬಳಸುವ ತಂತಿಯ ದಪ್ಪ 1.2 ಮಿಲಿಮೀಟರ್. ಬೆಸೆಯುವ ಜಾಗ ತಂತಿಯ ಅರ್ಧ ದಪ್ಪಕ್ಕಿಂತ ಹೆಚ್ಚು ಸರಿಯಬಾರದು ಎನ್ನುವುದು ಈ ಕೆಲಸದ ರೂಢಿಯ ಅಳತೆ. ಅಂದರೆ ಬೆಸುಗೆಗೆ ಬರುವ ಮುಂಚಿನ ಕತ್ತರಿಸುವ, ಬಗ್ಗಿಸುವ, ಜೋಡಿಸುವ ಕೆಲಸಗಳೆಲ್ಲವೂ ಆ 0.6 ಮಿಲಿಮೀಟರಿನೊಳಗೆ ನಿಲ್ಲಬೇಕು.

ತೂತಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಏಳು ಎನ್ನುವ ಸಂಖ್ಯೆ. ಮನುಷ್ಯನಾಗಿದ್ದರೆ ಮೊದಲನೆಯದರಲ್ಲೇ ಕೈ ನಿಲ್ಲಿಸುತ್ತಿದ್ದ. ಜಪಾನಿನ ಸಾಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗದ ಹೆಚ್ಚುಗಾರಿಕೆ ಇದರಲ್ಲೇ ಇತ್ತು: ನೂಲು ಹರಿದರೆ ಮಗ್ಗ ತಾನಾಗಿ ನಿಲ್ಲುತ್ತಿತ್ತು, ದೋಷದ ಬಟ್ಟೆ ಮುಂದುವರಿಯುತ್ತಿರಲಿಲ್ಲ. ಅವರ ಮಗ ಕಟ್ಟಿದ ಕಾರು ಕಂಪನಿಯ ಉತ್ಪಾದನಾ ಪದ್ಧತಿಗೆ ಈ ನಿಲ್ಲುವ ಗುಣವೇ ಒಂದು ಆಧಾರಕಂಬವಾಯಿತು. ಅದೇ ಟೊಯೊಟಾದಲ್ಲಿ ಹದಿಹರೆಯದಲ್ಲಿ ಸೇರಿ ಮೇಲೇರಿದ ಮಿತ್ಸುರು ಕವಾಯಿ ಅವರ ಮುಂದಾಳತ್ವದಲ್ಲಿ, ಯಂತ್ರಗಳು ಮಾಡುತ್ತಿದ್ದ ಕೆಲವು ಕೆಲಸಗಳನ್ನು ಮತ್ತೆ ಮನುಷ್ಯರ ಕೈಗೆ ಕೊಟ್ಟ ಸುದ್ದಿ 2014ರಲ್ಲಿ ಬಂದಿತ್ತು. ಕಾದ ಉಕ್ಕನ್ನು ಬಡಿದು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಮಾಡುವ ಕೆಲಸ ಅವುಗಳಲ್ಲೊಂದು. ಕೈಯಿಂದ ಮಾಡಿ ತಿಳಿದವರೇ ಯಂತ್ರವನ್ನು ಸುಧಾರಿಸಬಲ್ಲರು ಎನ್ನುವುದು ಅವರ ನಿಲುವು. ಆ ಸುದ್ದಿಯನ್ನು ಓದಿದ್ದಾಗ ಅದೊಂದು ಹಳೆಯ ಕಾಲದ ಹಂಬಲ ಎಂದುಕೊಂಡಿದ್ದೆ. ತೂತು ಬಿದ್ದ ಏಳು ಚೌಕಟ್ಟುಗಳ ಮುಂದೆ ನಿಂತಾಗ ಅದು ಬೇರೆಯಾಗಿ ಅರ್ಥವಾಯಿತು. 2018ರಲ್ಲಿ ಟೆಸ್ಲಾದ ಎಲಾನ್ ಮಸ್ಕ್ ಕೂಡ ಅತಿಯಾದ ಸ್ವಯಂಚಾಲನೆ ತಮ್ಮ ತಪ್ಪಾಗಿತ್ತು ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಅಲ್ಲಿ ಬ್ಯಾಟರಿಯ ಮೇಲೆ ನಾರಿನ ಹಾಸನ್ನು ಎತ್ತಿಡುವ ಕೆಲಸವೇ ರೋಬೋಟಿಗೆ ಒಗ್ಗಿರಲಿಲ್ಲ. ಮೆತ್ತನೆಯ ವಸ್ತುವನ್ನು ಹಿಡಿಯುವುದು ನಮ್ಮ ಬೆರಳಿಗೆ ಎಷ್ಟು ಸಲೀಸೋ ಯಂತ್ರಕ್ಕೆ ಅಷ್ಟೇ ಕಷ್ಟ.

ಇಷ್ಟು ಹೇಳಿದರೂ ನಾನು ರೋಬೋಟಿನ ವಿರೋಧಿಯಲ್ಲ. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಘಟಕದಲ್ಲಿ ಕೆಲಸಕ್ಕೆ ನಿಂತ ಮೊದಲ ಕೈಗಾರಿಕಾ ರೋಬೋಟ್ ಯೂನಿಮೇಟ್ ಮಾಡುತ್ತಿದ್ದದ್ದು ಎರಕದ ಯಂತ್ರದಿಂದ ಸುಡುವ ಲೋಹದ ತುಂಡುಗಳನ್ನು ಹೊರತೆಗೆಯುವ ಕೆಲಸ. ಪ್ರತಿ ಸಲವೂ ಅದೇ ಆಕಾರ, ಅದೇ ಜಾಗ, ಜೊತೆಗೆ ಬಿಸಿ ಮತ್ತು ಹೊಗೆ. ಯಂತ್ರಕ್ಕೆ ಒಪ್ಪಿಸಬೇಕಾದ ಕೆಲಸವೇ ಅದು. ನಮ್ಮಲ್ಲಿಯೂ ಉದ್ದನೆಯ ನೇರ ಬೆಸುಗೆಗೆ ದಿನವಿಡೀ ಬಗ್ಗಿ ಕುಳಿತು ಕುತ್ತಿಗೆ ಹಿಡಿಸಿಕೊಂಡವರಿದ್ದಾರೆ. ಹೊಗೆಗೆ ಕೆಮ್ಮುವವರನ್ನು ದಿನವೂ ನೋಡುತ್ತೇನೆ.

ತಿದ್ದುವ ಕೆಲಸ ಬೆಸುಗೆಯಲ್ಲಿ ಅಲ್ಲ, ಪ್ರೆಸ್ಸಿನಲ್ಲಿ ಶುರುವಾಯಿತು. ಹೊಸ ಲಾಟು ಬಂದಾಗ ಮೊದಲ ಮೂರು ತುಂಡುಗಳ ಕೋನ ಅಳೆದು ಪ್ರೆಸ್ಸನ್ನು ಹೊಂದಿಸಿದ ಮೇಲೆಯೇ ಮುಂದಿನದು. ಬಿಡಿಭಾಗಗಳನ್ನು ಹಿಡಿದಿಡುವ ಜಿಗ್ಗಿಗೆ ಎರಡು ಕ್ಲಾಂಪ್ ಸೇರಿಸಿದೆವು. ಬೆಸೆಯುವ ಮುನ್ನ ತಂತಿಯ ತುದಿಯಿಂದ ಬಿಡಿಭಾಗವನ್ನು ಮುಟ್ಟಿ ಅದು ಎಲ್ಲಿದೆ ಎಂದು ತಿಳಿದುಕೊಳ್ಳುವ ವ್ಯವಸ್ಥೆಯನ್ನು ರೋಬೋಟಿಗೆ ಹಾಕಿಸಿದೆವು. ಇದರಿಂದ ಪ್ರತಿ ಚೌಕಟ್ಟಿಗೆ ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ. ಭಾಗ ಸರಿದಿದ್ದರೆ ಅದು ಪತ್ತೆ ಮಾಡುತ್ತದೆ. ಆದರೆ ಸಂದು ಅಗಲವಾಗಿದ್ದರೆ ಏನು ಮಾಡಬೇಕೆಂದು ಅದಕ್ಕೆ ಯಾರಾದರೂ ಹೇಳಿಕೊಡಲೇಬೇಕು.

ಹೇಳಿಕೊಡಬಲ್ಲವರು ಒಬ್ಬರೇ ಇದ್ದರು. ಕೇಳಿದಾಗ ಹಿರಿಯ ವೆಲ್ಡರ್ ರೋಬೋಟಿಗೆ ದಾರಿ ಹೇಳಿಕೊಡುವ ಕೈಸಾಧನವಾದ ಟೀಚ್ ಪೆಂಡೆಂಟನ್ನು ಕೈಗೆ ತೆಗೆದುಕೊಳ್ಳಲಿಲ್ಲ. "ಇದಕ್ಕೆ ನಾನೇ ಕಲಿಸಿಬಿಟ್ಟರೆ ನಾಳೆ ನನಗೇನು ಕೆಲಸ ಸರ್?" ಎಂದರು. ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಬಾಯಿಮಾತಿನ ಭರವಸೆ ಕೊಡುವುದು ಅನ್ಯಾಯವೆನಿಸಿತು. ಆಡಳಿತದವರ ಜೊತೆ ಎರಡು ವಾರ ವಾದ ಮಾಡಿ, ರೋಬೋಟಿನ ಕಾರಣಕ್ಕೆ ಯಾರನ್ನೂ ತೆಗೆಯುವುದಿಲ್ಲ ಎಂದೂ ಅದನ್ನು ನಡೆಸುವವರಿಗೆ ಮೇಲಿನ ದರ್ಜೆಯ ಸಂಬಳ ಎಂದೂ ಬರವಣಿಗೆಯಲ್ಲಿ ಪಡೆದೆ. ಆ ಕಾಗದವನ್ನು ಅವರು ಎರಡು ಸಲ ಓದಿ, ಮಡಚಿ ಜೇಬಿನಲ್ಲಿಟ್ಟುಕೊಂಡರು. ಮರುದಿನ ಪೆಂಡೆಂಟ್ ಹಿಡಿದರು. ಮೊದಲು ಮಾಡಿದ್ದೇ ಬೆಸುಗೆಯ ಅನುಕ್ರಮ ಬದಲಿಸಿದ್ದು. ನಮ್ಮ ಪ್ರೋಗ್ರಾಮ್ ಒಂದು ತುದಿಯಿಂದ ಇನ್ನೊಂದಕ್ಕೆ ನೇರವಾಗಿ ಹೋಗುತ್ತಿತ್ತು. ಅವರು ಒಮ್ಮೆ ಇಲ್ಲಿ, ಒಮ್ಮೆ ಎದುರು ಮೂಲೆಯಲ್ಲಿ ಎಂದು ಕಾವು ಹಂಚಿದರು. ಚೌಕಟ್ಟು ಸೊಟ್ಟಗಾಗುವುದು ಅಲ್ಲಿಗೆ ಬಹುಮಟ್ಟಿಗೆ ನಿಂತಿತು.

ಈಗ ಉದ್ದನೆಯ ಬೆಸುಗೆಗಳು ರೋಬೋಟಿಗೆ, ಮೂಲೆಗಳು ಮತ್ತು ಐದಾರು ತುಂಡಿನ ಸಣ್ಣ ಆರ್ಡರುಗಳು ಕೈಗೆ. ಸಣ್ಣ ಆರ್ಡರಿಗೆ ಪ್ರೋಗ್ರಾಮ್ ಬರೆಯುವಷ್ಟರಲ್ಲಿ ವೆಲ್ಡರ್ ಕೆಲಸ ಮುಗಿಸಿರುತ್ತಾರೆ.

ಈ ಹಂಚಿಕೆಯಲ್ಲಿ ನಾನು ಮೊದಲು ಗಮನಿಸದಿದ್ದ ಒಂದು ನಷ್ಟವಿದೆ. ಹೊಸಬರು ಕೈ ಪಳಗಿಸಿಕೊಳ್ಳುತ್ತಿದ್ದದ್ದು ಆ ಉದ್ದನೆಯ ಸುಲಭ ಬೆಸುಗೆಗಳ ಮೇಲೆಯೇ. ಅವೆಲ್ಲ ಯಂತ್ರಕ್ಕೆ ಹೋದರೆ, ಕಠಿಣ ಮೂಲೆಗೆ ಕೈ ಹಾಕುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು? ಹೀಗಾಗಿ ಒಂದು ಮೇಜನ್ನು ಉಳಿಸಿಕೊಂಡಿದ್ದೇವೆ. ಇಬ್ಬರು ಹೊಸ ಹುಡುಗರು ಅಲ್ಲಿ ದಿನವೂ ರೋಬೋಟ್ ಮಾಡಬಹುದಾದ ಕೆಲಸವನ್ನೇ ಕೈಯಲ್ಲಿ ಮಾಡುತ್ತಾರೆ. ಖರ್ಚಿನ ಪಟ್ಟಿಯಲ್ಲಿ ಆ ಮೇಜಿನ ಬಗ್ಗೆ ಪ್ರತಿ ತಿಂಗಳೂ ಪ್ರಶ್ನೆ ಬರುತ್ತದೆ, ಪ್ರತಿ ತಿಂಗಳೂ ನಾನು ಉತ್ತರ ಬರೆಯುತ್ತೇನೆ.

ಎರಡನೆಯ ರೋಬೋಟಿನ ಮಾತು ಬಂದಿದೆ. ಕಳೆದ ವಾರ ಮತ್ತೆ ಸ್ಟಾಪ್‌ವಾಚ್ ಹಿಡಿದು ಹೋದೆ. ಈ ಬಾರಿ ಹಿರಿಯ ವೆಲ್ಡರ್ ಕೈ ನಿಲ್ಲಿಸಿದಾಗಲೆಲ್ಲ ನಾನೂ ಗಡಿಯಾರ ನಿಲ್ಲಿಸಿ, "ಈಗ ಏನು ನೋಡಿದಿರಿ?" ಎಂದು ಕೇಳಿ ಬರೆದುಕೊಂಡೆ. ಒಂದು ಚೌಕಟ್ಟು ಮುಗಿಯುವಷ್ಟರಲ್ಲಿ ಹದಿನಾಲ್ಕು ಉತ್ತರಗಳಾದವು. ಆರನ್ನು ಪ್ರೆಸ್ಸಿನಲ್ಲೇ ಸರಿಪಡಿಸಬಹುದು, ಮೂರನ್ನು ಸೆನ್ಸರ್ ಹಿಡಿಯಬಹುದು. ಉಳಿದ ಐದರ ಬಗ್ಗೆ ನಾವಿಬ್ಬರೂ ಇನ್ನೂ ಮಾತಾಡುತ್ತಿದ್ದೇವೆ. ಪ್ರಸ್ತಾವವನ್ನು ಮೇಲಕ್ಕೆ ಕಳುಹಿಸಿಲ್ಲ.